ತುಕ್ಕು ಹಿಡಿದ ಕುಡುಗೋಲು ಮತ್ತು ಕುಟುಂಬದ ಆರೋಗ್ಯ



ಸುಗ್ಗಿ ಸಮೀಪಿಸಿದೊಡನೆ ಅಟ್ಟದಲ್ಲಿಟ್ಟ ಕುಡುಗೋಲು, ಮೂಲೆಗಿಟ್ಟ ಗುದ್ದಲಿ, ಮಚ್ಚುಗಳನ್ನು ನೀವು ಹೊರತೆಗೆಯುತ್ತೀರಿ. ಮಳೆಗಾಲದ ತೇವ ತಗುಲಿ ಅವು ತುಕ್ಕು ಹಿಡಿದಿರುತ್ತವೆ. ಈ ತುಕ್ಕನ್ನು ತೆಗೆಯುವ ಕ್ರಮವನ್ನೂ, ಈ ಉಪಕರಣಗಳಿಗೂ ನಿಮ್ಮ ಸಂಸಾರದ ಆರೋಗ್ಯಕ್ಕೂ ಇರುವ ಸಂಬಂಧವನ್ನೂ ಇಂದು ತಿಳಿಸಬಯಸುತ್ತೇನೆ.

ಕಬ್ಬಿಣವು ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ತುಕ್ಕಾಗುತ್ತದೆ. ತುಕ್ಕು ತೇವವನ್ನು ಹಿಡಿದಿಟ್ಟುಕೊಂಡು ಒಳಗಿನ ಕಬ್ಬಿಣವನ್ನೂ ತಿನ್ನುತ್ತ ಹೋಗುತ್ತದೆ. ಆದುದರಿಂದ ವಿಳಂಬ ಮಾಡಬಾರದು.

ಮೊದಲು ಉಪಕರಣಕ್ಕೆ ಅಂಟಿದ ಮಣ್ಣು, ಸಗಣಿಗಳನ್ನು ತೊಳೆಯಿರಿ. ಹುಣಸೆಹಣ್ಣನ್ನು ನೀರಿನಲ್ಲಿ ಕಿವುಚಿ, ಆ ಹುಳಿನೀರಿನಲ್ಲಿ ಕಬ್ಬಿಣದ ಭಾಗವನ್ನು ಮಾತ್ರ ಒಂದು ರಾತ್ರಿ ನೆನೆಯಿಡಿ. ಮರದ ಹಿಡಿ ನೆನೆಯಬಾರದು. ಹುಳಿಯು ತುಕ್ಕನ್ನು ಸಡಿಲಿಸಿ ಕರಗಿಸುತ್ತದೆ. ಮರುದಿನ ತೆಂಗಿನ ನಾರು ಮತ್ತು ಇಟ್ಟಿಗೆ ಪುಡಿಯಿಂದ, ಬೆನ್ನಿನ ಕಡೆಯಿಂದ ಅಲಗಿನ ಕಡೆಗೆ ಉಜ್ಜಿರಿ. ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿರಿ. ಈಳಿಗೆಮಣೆಗೆ ಅಡುಗೆಯ ಎಣ್ಣೆಯನ್ನೇ ಬಳಸಿರಿ. ಸತುವು ಲೇಪಿಸಿದ ಬಕೆಟ್ಟಿಗೆ ಹುಳಿ ಹಾಕಬೇಡಿ. ಅದರ ಲೇಪ ಹಾಳಾಗುತ್ತದೆ. ಈ ಕೆಲಸ ಮಾಡುವಾಗ ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಇನ್ನು ಮುಖ್ಯ ವಿಷಯ. ತುಕ್ಕಿನಿಂದಲೇ ಧನುರ್ವಾಯು ಬರುತ್ತದೆಂದು ಅನೇಕರು ನಂಬಿದ್ದಾರೆ. ಇದು ಪೂರ್ಣ ಸತ್ಯವಲ್ಲ. ಈ ರೋಗದ ಅಣುಜೀವಿಯು ಮಣ್ಣಿನಲ್ಲಿಯೂ ದನಕರುಗಳ ಸಗಣಿಯಲ್ಲಿಯೂ ಇರುತ್ತದೆ. ತುಕ್ಕಿನ ಒರಟು ಮೈಯಲ್ಲಿ ಆ ಮಣ್ಣು ಸುಲಭವಾಗಿ ನಿಲ್ಲುತ್ತದೆ. ಆದರೆ ಕನ್ನಡಿಯಂತೆ ಹೊಳೆಯುವ ಕುಡುಗೋಲೂ ಮಣ್ಣು ಸೋಕಿದ್ದರೆ ಅಷ್ಟೇ ಅಪಾಯಕಾರಿ. ಹೊಳಪು ಬೇರೆ, ನಿರ್ಮಲತೆ ಬೇರೆ ಎಂಬುದನ್ನು ಮರೆಯಬಾರದು.

ಗಾಯವಾದರೆ ಕೂಡಲೇ ಶುದ್ಧ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ. ಸಗಣಿ, ಬೂದಿ, ಮಣ್ಣು, ಹೊಗೆಸೊಪ್ಪುಗಳನ್ನು ಮೆತ್ತಬೇಡಿ. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು, ಹಿಂದೆ ಚುಚ್ಚುಮದ್ದು ಪಡೆದದ್ದು ಯಾವಾಗ ಎಂಬುದನ್ನು ವೈದ್ಯರಿಗೆ ತಿಳಿಸಿರಿ. ರೋಗ ತಲೆದೋರಲು ಅನೇಕ ದಿನಗಳು ಹಿಡಿಯಬಹುದು. ಗಾಯ ಮಾಗಿತೆಂದು ನಿಶ್ಚಿಂತರಾಗಬೇಡಿ. ದವಡೆ ಬಿಗಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಮನೆಯ ಕತ್ತಿ, ಕುಡುಗೋಲುಗಳಿಂದ ಶಿಶುವಿನ ಹೊಕ್ಕುಳಬಳ್ಳಿಯನ್ನು ಕತ್ತರಿಸುವ ಪದ್ಧತಿಯಿಂದ ಒಂದು ಕಾಲದಲ್ಲಿ ಅಸಂಖ್ಯಾತ ಹಸುಳೆಗಳು ಧನುರ್ವಾಯುವಿಗೆ ಬಲಿಯಾದವು. ಗರ್ಭಿಣಿಯರಿಗೆ ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆಯ ಫಲವಾಗಿ, ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆಯೆಂದು ೨೦೧೫ರಲ್ಲಿ ದೃಢಪಟ್ಟಿತು. ಆದರೆ ಅಣುಜೀವಿ ಮಣ್ಣಿನಲ್ಲಿ ಇಂದಿಗೂ ಇದೆ. ನಾವು ಎಚ್ಚರ ತಪ್ಪಿದರೆ ಅದು ಮರಳಿ ಬರುವುದು.

ಆದುದರಿಂದ ಗರ್ಭ ನಿಂತುದು ತಿಳಿದೊಡನೆ ಹೆಸರು ನೋಂದಾಯಿಸಿ ಟಿ.ಡಿ. ಚುಚ್ಚುಮದ್ದು ಪಡೆಯಿರಿ, ಎರಡನೆಯದನ್ನು ೪ ವಾರಗಳ ನಂತರ ತಪ್ಪದೆ ಪಡೆಯಿರಿ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಮಗುವಿಗೆ ೬, ೧೦ ಮತ್ತು ೧೪ನೆಯ ವಾರಗಳ ಲಸಿಕೆಗಳನ್ನು ಹಾಕಿಸಿರಿ. ಗಂಡಸರು ಇದು ಹೆಂಗಸರ ಕೆಲಸವೆಂದು ದೂರ ಸರಿಯದೆ, ಪತ್ನಿಯೊಡನೆ ಆರೋಗ್ಯ ಕೇಂದ್ರಕ್ಕೆ ಬರಬೇಕು.

ಉಪಕರಣವನ್ನು ಎಣ್ಣೆ ಕಾಯುತ್ತದೆ. ಸಂಸಾರವನ್ನು ಶುಚಿತ್ವ ಮತ್ತು ಲಸಿಕೆ ಕಾಯುತ್ತವೆ. ಎರಡನ್ನೂ ಸಕಾಲದಲ್ಲಿ ಮಾಡಿರೆಂದು ವಿನಂತಿಸುತ್ತೇನೆ.