ಯಂತ್ರವು ಹೇಳಿದ ಎಚ್ಚರಿಕೆ

ನಮ್ಮ ನಾಗಲಮಡಿಕೆ ಆಂಧ್ರದ ಗಡಿಗೆ ಸಮೀಪವಾದ ಊರು. ಇಲ್ಲಿ ‘ಪಾಲು’ ಎಂದರೆ ಕನ್ನಡದ ಕಿವಿಗೆ ಆಸ್ತಿಯ ಭಾಗ. ತೆಲುಗಿನ ಕಿವಿಗೆ ಹಾಲೂ ಹೌದು. ಶಬ್ದ ಒಂದೇ, ಅರ್ಥ ಮಾತ್ರ ಕೇಳುವವನನ್ನು ಹೊಂದಿಕೊಂಡಿದೆ. ಕಂಪ್ಯೂಟರಿನೊಳಗೂ ಇಂಥದೇ ಒಂದು ತೊಡಕು ಇರುವುದನ್ನು ಕನ್ನಡ ಪಂಡಿತನಾದ ನಾನು ಪೆಟ್ಟುತಿಂದು ತಿಳಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮಕ್ಕಳ ಅಂಕಪಟ್ಟಿಯನ್ನು ಜಾಲದ ಮೂಲಕ ಕಳುಹಿಸುವ ಪ್ರೋಗ್ರಾಮೊಂದನ್ನು ಸಿ ಭಾಷೆಯಲ್ಲಿ ಬರೆದುಕೊಟ್ಟಿದ್ದನು. ಅದು ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯತಕ್ಕದ್ದು. ಒಂದು ಸಂಜೆ ವಿಂಡೋಸ್ ಯಂತ್ರದಿಂದ ಪಟ್ಟಿ ಅರ್ಧ ಹೋಗುವಷ್ಟರಲ್ಲಿ ಸಂಪರ್ಕ ಕಡಿಯಿತು. ತೆರೆಯ ಮೇಲೆ ಮಾತ್ರ ‘ಕಳುಹಿಸಲಾಯಿತು’ ಎಂದೇ ಬಂದಿತು. ನಂಬಿ ಮನೆಗೆ ಹೋದೆ. ಮರುದಿನ ನೋಡಿದರೆ ಅರ್ಧ ತರಗತಿಯ ಮಕ್ಕಳಿಗೆ ಅಂಕಗಳೇ ಇಲ್ಲ!

ಆದದ್ದು ಇಷ್ಟು. ಕಳುಹಿಸುವ ‘ಸೆಂಡ್’ ಎಂಬ ಆಜ್ಞೆ ಗೆದ್ದರೆ ಎಷ್ಟು ಬೈಟು ಹೋಯಿತೆಂದು ಹೇಳುತ್ತದೆ. ಸೋತರೆ ಋಣ ಒಂದು ಎನ್ನುತ್ತದೆ. ನಮ್ಮ ಹುಡುಗ ಆ ಉತ್ತರವನ್ನು ಪಟ್ಟಿಯ ಉದ್ದದೊಡನೆ ನೇರವಾಗಿ ಹೋಲಿಸಿ, ಕಡಿಮೆಯಾದರೆ ಸೋಲೆಂದು ಬರೆದಿದ್ದ. ಉದ್ದಕ್ಕೆ ಋಣಚಿಹ್ನೆ ಇರುವುದಿಲ್ಲ. ಸಮಾನ ಅಗಲದ ಇಂಥ ಎರಡು ಸಂಖ್ಯೆಗಳು ಎದುರಾದರೆ ಸಿ ಭಾಷೆ ಚಿಹ್ನೆಯುಳ್ಳದ್ದನ್ನೂ ಚಿಹ್ನೆಯಿಲ್ಲದ್ದೆಂದೇ ಓದುತ್ತದೆ. ಆಗ 32 ಬಿಟ್ಟಿನ ಋಣ ಒಂದು 4,29,49,67,295 ಆಗಿಬಿಡುತ್ತದೆ! ಇಷ್ಟು ಬೈಟು ಹೋಗಿರುವಾಗ ಸೋಲೆಲ್ಲಿಯದು?

ಕಂಪೈಲರು ಇದನ್ನು ಮೊದಲೇ ಎಚ್ಚರಿಸಿತ್ತು. ಆದರೆ ಎಚ್ಚರಿಕೆ ವಿಂಡೋಸಿನಲ್ಲಿ ಮಾತ್ರ ಬಂದಿತ್ತು. ಲಿನಕ್ಸಿನ ಜಿಸಿಸಿಗೆ ‘ವಾಲ್’ ಎಂದಷ್ಟೇ ಸೂಚಿಸಿದರೆ ಸಿ ಭಾಷೆಯಲ್ಲಿ ಈ ಮಾತನ್ನು ಆಡುವುದಿಲ್ಲ. ‘ಎಕ್ಸ್‌ಟ್ರಾ’ ಎಂದೂ ಕೇಳಬೇಕು. “ಅದು ವಿಂಡೋಸಿನ ಗೊಣಗು ಮೇಷ್ಟ್ರೇ, ಕ್ಯಾಸ್ಟ್ ಹಾಕಿ ಸುಮ್ಮನಾಗಿಸಿದೆ” ಎಂದ. ಸಂಖ್ಯೆಯ ಜಾತಿಯನ್ನು ಬಲವಂತದಿಂದ ಬದಲಿಸುವುದೇ ಈ ಕ್ಯಾಸ್ಟು. ತಪ್ಪು ಇದ್ದಲ್ಲಿಯೇ ಇತ್ತು, ಹೇಳುವ ಬಾಯಿ ಮಾತ್ರ ಮುಚ್ಚಿತ್ತು. ಪರೀಕ್ಷಕನ ಕೆಂಪು ಗೆರೆಯನ್ನು ರಬ್ಬರಿನಿಂದ ಅಳಿಸುವ ಹುಡುಗರನ್ನು ನಾನು ಬಹಳ ಕಂಡಿದ್ದೇನೆ.

ಷಷ್ಠಿಗೆ ಊರಿಗೆ ಬಂದವನು ನಮ್ಮ ಜಗಲಿಯಲ್ಲಿ ಕುಳಿತು ತಿದ್ದಿದ. ಉತ್ತರವನ್ನು ಮೊದಲು ಚಿಹ್ನೆಯುಳ್ಳ ಜಾಗದಲ್ಲಿಯೇ ಇಟ್ಟುಕೊಂಡು, ಋಣವಾದರೆ ಸೋಲೆಂದು ಹೇಳಿಸಿದ. ಅಲ್ಲವಾದರೆ ಮಾತ್ರ ಉದ್ದದೊಡನೆ ಹೋಲಿಕೆ, ಉಳಿದುದನ್ನು ಮತ್ತೆ ಕಳುಹಿಸುವುದು. ಸಾಕೆಟ್ಟಿನಲ್ಲೂ ಇದೇ ಕಥೆ: ಲಿನಕ್ಸಿನಲ್ಲಿ ಅದು ಚಿಹ್ನೆಯುಳ್ಳ ಸಂಖ್ಯೆ, ವಿಂಡೋಸಿನಲ್ಲಿ ಚಿಹ್ನೆಯಿಲ್ಲದ್ದು. ಅಲ್ಲಿ ‘ಸೊನ್ನೆಗಿಂತ ಕಡಿಮೆಯೇ?’ ಎಂದು ಕೇಳಿದರೆ ಹೌದೆಂಬ ಉತ್ತರ ಎಂದೂ ಬಾರದು. ವಿಂಡೋಸು ‘ಇನ್‌ವ್ಯಾಲಿಡ್ ಸಾಕೆಟ್’ ಎಂಬ ಹೆಸರನ್ನೇ ಕೊಟ್ಟಿದೆ. ಲಿನಕ್ಸಿನಲ್ಲಿ ಆ ಹೆಸರಿಗೆ ಋಣ ಒಂದೆಂದು ಅರ್ಥ ಬರೆದುಕೊಂಡು, ಎರಡು ಕಡೆಯೂ ಅದರೊಡನೆಯೇ ಹೋಲಿಸಿದ.

ಪಟ್ಟಿಯನ್ನು ಮತ್ತೆ ಕಳುಹಿಸತೊಡಗಿ, ನಡುವೆ ಆ ಕಡೆಯ ಪ್ರೋಗ್ರಾಮನ್ನು ಬೇಕೆಂದೇ ನಿಲ್ಲಿಸಿದೆವು. ‘ವಿಫಲ’ ಎಂದು ಬಂದಿತು. ಮನೆಯಾಕೆ ಕಾಫಿ ತಂದಳು. ಎರಡನೆಯ ಸಲ ಪೂರ್ತಿ ಕಳುಹಿಸಿದೆವು.