ಟೆಲಿಫೋನಿನಲ್ಲಿ ಶುಶ್ರೂಷೆ

(ಸಂಘದ ಭಾನುವಾರದ ಸಭೆಯಲ್ಲಿ ದಾದಿಯರ ಪರವಾಗಿ ಮಾಡಿದ ಭಾಷಣ)



ದಾದಿ ಎಂದೊಡನೆ ನಿಮ್ಮ ಕಣ್ಣಿಗೆ ಕಟ್ಟುವುದು ಬಿಳಿಯ ಉಡುಪು, ಸೂಜಿ, ಔಷಧದ ತಟ್ಟೆ. ನಮ್ಮ ಕೈಯಲ್ಲಿ ಇವು ಯಾವುವೂ ಇರುವುದಿಲ್ಲ. ಈ ಮುಂಬಯಿ ನಗರದ ಆಸ್ಪತ್ರೆಗಳಲ್ಲಿ ಟೆಲಿಫೋನಿನ ಮುಂದೆ ಕುಳಿತು ರೋಗಿಗಳ ಕರೆಗೆ ಉತ್ತರ ಕೊಡುವುದು, ಯಾರು ಯಾವ ದಿನ ಎಷ್ಟು ಗಂಟೆಗೆ ಯಾವ ಡಾಕ್ಟರನ್ನು ಕಾಣಬೇಕೆಂದು ಗೊತ್ತುಮಾಡುವುದು ನಮ್ಮ ಕೆಲಸ. ವಾರ್ಡಿನಲ್ಲಿ ದುಡಿಯುವ ನಮ್ಮ ಸೋದರಿಯರೇ ನಮ್ಮನ್ನು "ಕುರ್ಚಿಯ ಸಿಸ್ಟರು" ಎಂದು ನಗೆಯಾಡುವುದುಂಟು. ನಗಲಿ, ಅದರಿಂದ ನಮಗೇನೂ ನಷ್ಟವಿಲ್ಲ. ಇಂಗ್ಲೆಂಡಿನಲ್ಲಿ 1998ರಲ್ಲಿ ಸರಕಾರವೇ ದಾದಿಯರನ್ನು ಟೆಲಿಫೋನಿನ ಮುಂದೆ ಕೂರಿಸಿ ಜನರಿಗೆ ಸಲಹೆ ಕೊಡಿಸಲು ತೊಡಗಿತು. ನಮ್ಮ ಕರ್ನಾಟಕದಲ್ಲಿಯೂ 104 ಎಂಬ ಅಂಕಿಯ ಆರೋಗ್ಯವಾಣಿ 2013ರಲ್ಲಿ ಬಂದಿತು. ಇದೂ ಶುಶ್ರೂಷೆಯೇ. ಮುಟ್ಟದೆ, ನೋಡದೆ ಮಾಡತಕ್ಕ ಶುಶ್ರೂಷೆಯಾದ್ದರಿಂದ ಕಷ್ಟ ತುಸು ಹೆಚ್ಚೇ.

ನೋಡಲು ಆಗದವರು ಏನು ಮಾಡಬೇಕು? ಕೇಳಬೇಕು. ಕರೆ ಬಂದ ಕೂಡಲೇ ನಾವು ಉಸಿರಿನ ಕಡೆಗೆ ಕಿವಿಗೊಡುತ್ತೇವೆ. ಒಂದು ಪೂರ್ತಿ ವಾಕ್ಯವನ್ನು ಒಂದೇ ಉಸಿರಿಗೆ ಹೇಳುತ್ತಾರೆಯೇ? ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಾರೆಯೇ? ಹಿಂದಿನಿಂದ ಗೊರಗೊರ ಸದ್ದು ಬರುತ್ತಿದೆಯೇ? ನಿಲ್ಲುತ್ತ ನಿಲ್ಲುತ್ತ ಮಾತಾಡುವವರು "ಸ್ವಲ್ಪ ಕಫ, ಅಷ್ಟೇ ಸಿಸ್ಟರ್, ಮುಂದಿನ ವಾರ ಕೊಡಿ" ಎಂದರೂ ನಾವು ಮುಂದಿನ ವಾರ ಬರೆಯುವುದಿಲ್ಲ. ಈಗಲೇ ಹೊರಟು ಬನ್ನಿ ಎನ್ನುತ್ತೇವೆ. ಇದೇ ಕಾರಣಕ್ಕೆ, ಹೋಟೆಲಿನ ಯಜಮಾನರಾಗಲಿ ಊರಿನಿಂದ ಹೆಂಡತಿಯಾಗಲಿ ರೋಗಿಯ ಪರವಾಗಿ ಕರೆ ಮಾಡಿದಾಗ, "ಫೋನನ್ನು ಒಂದು ನಿಮಿಷ ಅವರ ಕೈಗೇ ಕೊಡಿ" ಎಂದು ಕೇಳುತ್ತೇವೆ. ಕುಂದಾಪುರದಿಂದ ಕರೆ ಮಾಡಿದ ತಾಯಿ ಕಾಂದಿವಲಿಯಲ್ಲಿರುವ ಮಗನ ಉಸಿರನ್ನು ನಮಗೆ ಕೇಳಿಸಲಾರಳಲ್ಲ!

ನಮ್ಮ ಕನ್ನಡ ಕಾರ್ಮಿಕರ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಇರುವ ನೋವನ್ನು ಅರ್ಧ ಮಾಡಿ ಹೇಳುವುದು. ಎದೆ ಹಿಂಡಿ, ಬೆವರಿ, ನೋವು ಎಡತೋಳಿಗೋ ದವಡೆಗೋ ಏರಿದ್ದರೂ "ಗ್ಯಾಸು, ಸೋಡಾ ಕುಡಿದಿದ್ದೇನೆ" ಎನ್ನುವವರನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಏಕೆ ಹೀಗೆನ್ನುತ್ತಾರೆಂಬುದು ನಮಗೆ ತಿಳಿಯದ್ದಲ್ಲ. ಒಂದು ದಿನ ಹೋದರೆ ಒಂದು ದಿನದ ಸಂಬಳ ಹೋಗುತ್ತದೆ. ನಾಲ್ಕು ದಿನ ಹೋದರೆ ಆ ಜಾಗದಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಆದರೆ ಇಂಥ ನೋವಿಗೆ ಗೊತ್ತುಮಾಡಿದ ಹೊತ್ತು ಎಂಬುದೇ ಇಲ್ಲ. ನಮಗೆ ಕರೆ ಮಾಡುವ ಮೊದಲು 108ಕ್ಕೆ ಕರೆ ಮಾಡಬೇಕು. ಮಹಾರಾಷ್ಟ್ರದಲ್ಲಿ 2014ರಿಂದ ಆ ಗಾಡಿಗಳು ಓಡಾಡುತ್ತಿವೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ಬಾಯಿ ಓರೆಯಾಗಿ, ಒಂದು ಕೈ ಜೋತುಬಿದ್ದು, ಮಾತು ತೊದಲಿದರೂ ಹಾಗೆಯೇ. ಮಿದುಳಿನ ನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ 4½ ಗಂಟೆಯೊಳಗೇ ಕೊಡಬೇಕಾಗುತ್ತದೆ. ಆದುದರಿಂದ "ಯಾವಾಗ ಶುರುವಾಯಿತು?" ಎಂದು ನಾವು ಎರಡೆರಡು ಸಲ ಕೇಳಿದರೆ ಬೇಸರಪಡಬೇಡಿ.

ಮಳೆಗಾಲದಲ್ಲಿ ಜ್ವರವೆಂದು ಕರೆ ಮಾಡಿದವರಿಗೆ ನಮ್ಮದೊಂದು ವಿಚಿತ್ರ ಪ್ರಶ್ನೆ: "ರಸ್ತೆಯ ನೀರಿನಲ್ಲಿ ನಡೆದಿರಾ? ಕಾಲಿನಲ್ಲಿ ಗಾಯವಿದೆಯೇ?" 2005ರ ಜುಲೈ 26ರ ಮಹಾಪೂರದ ತರುವಾಯ ಈ ನಗರದಲ್ಲಿ ಇಲಿಜ್ವರ ಹಬ್ಬಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬೆಳಗಿನಿಂದ ರಾತ್ರಿಯವರೆಗೆ ಒದ್ದೆ ನೆಲದಲ್ಲಿ ನಿಂತು ಪಾತ್ರೆ ತೊಳೆಯುವವರ ಬೆರಳ ಸಂದಿಯ ಹುಣ್ಣು ಆ ರೋಗಕ್ಕೆ ತೆರೆದ ಬಾಗಿಲು. "ಒಂದು ಗುಳಿಗೆಯ ಹೆಸರು ಹೇಳಿಬಿಡಿ ಅಕ್ಕಾ" ಎನ್ನುತ್ತಾರೆ. ಡಾಕ್ಟರನ್ನು ಕೇಳದೆ ನಾವು ಹೇಳುವಂತಿಲ್ಲ. ಆ ಜ್ವರ ಡೆಂಗ್ಯೂ ಆಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ರಕ್ತಸ್ರಾವಕ್ಕೆ ಎಡೆಮಾಡಬಹುದು.

ಗಿರಣಿಯ ಹಿರಿಯರಿಗೆ ಬೇರೆಯೇ ಪ್ರಶ್ನೆ. 1982ರ ಮುಷ್ಕರದ ಬಳಿಕ ಒಂದೊಂದಾಗಿ ಗಿರಣಿಗಳು ಮುಚ್ಚಿದವು, ಭೋಂಗಾ ನಿಂತಿತು. ಎದೆಯೊಳಗೆ ಹೋದ ಹತ್ತಿಯ ಧೂಳಿನ ಕೇಡು ಮಾತ್ರ ಹಲವರಲ್ಲಿ ಹಾಗೆಯೇ ಉಳಿಯಿತು. ಕೆಮ್ಮು, ಉಬ್ಬಸ ಎಂದು ಹೇಳುವಾಗ ಯಾವ ಖಾತೆಯಲ್ಲಿ ಎಷ್ಟು ವರ್ಷ ದುಡಿದಿರಿ ಎಂಬುದನ್ನೂ ಹೇಳಿ. ಬ್ಲೋ ರೂಮ್, ಕಾರ್ಡಿಂಗ್ ಎಂದರೆ ನಾವು ಅದನ್ನು ಕಾಗದದ ಮೇಲ್ಗಡೆಯೇ ಬರೆಯುತ್ತೇವೆ. ರಜೆಯ ಮರುದಿನ ಕೆಲಸಕ್ಕೆ ಇಳಿದೊಡನೆ ಎದೆ ಬಿಗಿಯುತ್ತಿತ್ತು ಎಂದು ನೆನಪಿದ್ದರೆ ಅದೂ ಡಾಕ್ಟರಿಗೆ ಬೇಕಾದ ಸಂಗತಿ.

ಇನ್ನು ಹೊತ್ತು ಗೊತ್ತುಮಾಡುವ ವಿಚಾರ. ಹೋಟೆಲಿನಲ್ಲಿ ಇಡ್ಲಿ-ದೋಸೆಗೆ ಜನ ನುಗ್ಗುವ ಹೊತ್ತು ಯಾವುದೋ, ಆಸ್ಪತ್ರೆಯಲ್ಲಿ ಚೀಟಿಯ ಕಿಟಕಿ ತೆರೆಯುವ ಹೊತ್ತೂ ಅದೇ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಏಳುವ ಮುಂಚೆ ನಿಮಗೆ ಸಿಗುವ ಒಂದೂವರೆ ಗಂಟೆಯಲ್ಲಿ ನಮ್ಮ ಡಾಕ್ಟರುಗಳು ಊಟಕ್ಕೆ ಎದ್ದಿರುತ್ತಾರೆ! ಕೆಲಸ ಯಾವುದೆಂದು ನೀವು ಹೇಳಿದರೆ, ಆ ಸಂದಿಯಲ್ಲಿ ಎಲ್ಲಾದರೂ ಜಾಗವಿದೆಯೇ ಎಂದು ನಾವು ಹುಡುಕಬಲ್ಲೆವು. ಹೇಳದಿದ್ದರೆ ಹತ್ತು ಗಂಟೆಯೆಂದೇ ಬರೆಯುತ್ತೇವೆ, ನೀವು ಬರುವುದಿಲ್ಲ. ಬರಲಾಗದಿದ್ದರೆ ಹಿಂದಿನ ದಿನ ಒಂದು ಮಾತು ತಿಳಿಸಿದರೆ ಸಾಕು, ಆ ಜಾಗ ಇನ್ನೊಬ್ಬ ರೋಗಿಗೆ ದಕ್ಕುತ್ತದೆ. ಸಂಜೆಯ ಹೊತ್ತು ಹೆಚ್ಚಿಸಬೇಕೆಂದು ನಾವು ಮೇಲಿನವರನ್ನು ಕೇಳಿಕೊಂಡಿದ್ದೇವೆ. ಕೇಳುವವರ ಸಂಖ್ಯೆ ಸಾಲದೆಂಬ ಉತ್ತರ ಬಂದಿದೆ. ಕೇಳಿ ಪ್ರಯೋಜನವಿಲ್ಲವೆಂದು ಕೇಳದವರನ್ನು ಯಾರು ಎಣಿಸಬೇಕು?

ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಎಂಟು ಗಂಟೆ ಏನನ್ನೂ ತಿನ್ನಬಾರದೆಂದು ನಾವು ಹೇಳುತ್ತೇವೆ. ಅಡಿಗೆಯವರು "ತಿಂದಿಲ್ಲ" ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಬೆಳಗಿನ ಜಾವ ಸಾಂಬಾರಿನ ರುಚಿ ನೋಡಿದ್ದು, ಸಕ್ಕರೆ ಹಾಕಿದ ಕಾಫಿಯನ್ನು ಒಂದು ಗುಟುಕು ಕುಡಿದದ್ದು ತಿಂದ ಲೆಕ್ಕಕ್ಕೆ ಸೇರುತ್ತದೆಂದು ಅವರಿಗೆ ತೋಚಿರುವುದಿಲ್ಲ. ಈಗ ನಾವು "ರುಚಿ ನೋಡಿದಿರಾ?" ಎಂದೇ ಬೇರೆಯಾಗಿ ಕೇಳುತ್ತೇವೆ.

ಹೆಸರಿನ ತೊಂದರೆ ಇನ್ನೊಂದು. ಒಂದೇ ಹೆಸರಿನ ಶೆಟ್ಟರು, ಪೂಜಾರಿಗಳು ನಮ್ಮ ಪಟ್ಟಿಯಲ್ಲಿ ಎಷ್ಟೋ ಮಂದಿ. ಹುಟ್ಟಿದ ತಾರೀಕು ಕೇಳಿದರೆ ಬಹಳ ಜನರದು ಜೂನ್ 1. ಶಾಲೆಯ ಮಾಸ್ತರರು ಬರೆದುಕೊಟ್ಟ ತಾರೀಕು ಅದು. ಹಾಗಾಗಿ ತಂದೆಯ ಹೆಸರು, ಊರು ಕೇಳುತ್ತೇವೆ. ಒಬ್ಬರ ರಕ್ತದ ವರದಿ ಇನ್ನೊಬ್ಬರ ಕಾಗದಕ್ಕೆ ಸೇರಬಾರದಲ್ಲ.

ಕಡೆಯದಾಗಿ, ನಿಮ್ಮ ಮನಸ್ಸಿನಲ್ಲಿರುವ ಭಯದ ಮಾತು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವ ಕಡೆ ಇದನ್ನು ಮುಂದೂಡುವುದು ಹತ್ತು ಜನರ ಪಾಲಿನ ಅಪಾಯ. ಕ್ಷಯವೆಂದು ತಿಳಿದರೆ ಯಜಮಾನರು ಊರಿಗೆ ಕಳಿಸಿಬಿಡುತ್ತಾರೆಂದು ನೀವು ಹೆದರುತ್ತೀರಿ. "ನಮ್ಮ ಹುಡುಗನಿಗೆ ಏನು ರೋಗ?" ಎಂದು ಕೇಳಿ ನಮಗೆ ಕರೆಗಳು ಬರುವುದು ನಿಜ. ನಾವು ಹೇಳುವುದಿಲ್ಲ. ಗದರಿದರೂ ಹೇಳುವುದಿಲ್ಲ, ಕ್ಯಾಷ್ ಕೌಂಟರಿನ ನಯದ ಮಾತಿನಲ್ಲಿ ಕೇಳಿದರೂ ಹೇಳುವುದಿಲ್ಲ. ಕ್ಷಯದ ಔಷಧ ಸರಕಾರದಿಂದ ಉಚಿತ. ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಸೇವಿಸಬೇಕು. ಊಟದ ಖರ್ಚಿಗೆಂದು ಕೊಡುವ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿಸಿದ್ದಾರೆ. ಇ.ಎಸ್.ಐ. ಕಾರ್ಡಿದ್ದವರು ಅದರ ನಂಬರನ್ನೂ ಮೊದಲ ಕರೆಯಲ್ಲಿಯೇ ತಿಳಿಸಿ. ಕಾಯಿಲೆಯ ದಿನಗಳಿಗೆ ಸಿಗಬಹುದಾದ ಸಂಬಳದ ಪಾಲು ಡಾಕ್ಟರು ಬರೆದುಕೊಡುವ ಸರ್ಟಿಫಿಕೇಟನ್ನು ಅವಲಂಬಿಸಿದೆ.

ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಮಾತಾಡುವವರು ನಮ್ಮಲ್ಲಿ ಇದ್ದಾರೆ; ಕರೆ ಮಾಡಿದಾಗ ಕೇಳಿನೋಡಿ. ಈಗ ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಬಹುದು. ಗಂಟೆ ಮೂರಾಯಿತು, ನಿಮ್ಮಲ್ಲಿ ಅರ್ಧ ಜನ ಚಹಾದ ಹೊತ್ತಿಗೆ ಹೋಟೆಲಿಗೆ ಮರಳಬೇಕಲ್ಲ.