ಋಣವೂ ಸಾಲವೂ



ಸಾಲ, ಋಣ ಎಂಬ ಎರಡು ಮಾತುಗಳು ನಮ್ಮಲ್ಲುಂಟು. ನಿಘಂಟಿನಲ್ಲಿ ಅವು ಒಂದೇ ಆದರೂ ಬಳಕೆಯಲ್ಲಿ ಬೇರೆ ಬೇರೆ. ಸಾಲಕ್ಕೆ ಪತ್ರ ಬೇಕು, ಸಾಕ್ಷಿ ಬೇಕು, ಬಡ್ಡಿಯ ದರ ಬೇಕು. ಋಣಕ್ಕೆ ಇವೊಂದೂ ಬೇಡ. ಹಿರಿಯರು ಹೇಳಿದ ಋಷಿಋಣ ತೀರುವುದು ಹಣದಿಂದಲ್ಲ, ಅಧ್ಯಯನ ಅಧ್ಯಾಪನಗಳಿಂದ. ನಾಳೆ ಅಧ್ಯಾಪಕರಾಗುವವರಿಗೆ ಇಂದು ಹಣ ಕೊಟ್ಟು, ಅದನ್ನು ಪಾಠ ಹೇಳಿಯೇ ತೀರಿಸಿರೆಂದು ಸರಕಾರವೊಂದು ಕೇಳಿದಾಗ ಈ ಎರಡು ಮಾತುಗಳೂ ಒಂದೇ ಕಾಗದದ ಮೇಲೆ ಎದುರುಬದುರಾಗುತ್ತವೆ. ಅಮೆರಿಕದಲ್ಲಿ ಈ ಪ್ರಯೋಗ ಎರಡು ಬಗೆಯಾಗಿ ನಡೆದಿದೆ.

1957ರ ಅಕ್ಟೋಬರಿನಲ್ಲಿ ಸೋವಿಯತ್ ದೇಶದ ಸ್ಪುಟ್ನಿಕ್ ಆಕಾಶಕ್ಕೇರಿತು. ತಲೆಯೆತ್ತಿ ಅದನ್ನು ನೋಡಿದ ಅಮೆರಿಕನ್ನರಿಗೆ ತಮ್ಮ ಶಾಲೆಗಳ ನೆನಪಾಯಿತು. ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ಬಂದಿತು. ಶಿಕ್ಷಣಕ್ಕೆ ಹಣ ಬಿಡಿಸಲು ರಕ್ಷಣೆಯ ಹೆಸರು ಹೇಳಬೇಕಾಯಿತೆಂಬುದು ಬೇರೆ ಮಾತು. ಆ ಕಾಯಿದೆಯಂತೆ ವಿದ್ಯಾರ್ಥಿಗೆ ವರ್ಷಕ್ಕೆ 1000 ಡಾಲರಿನವರೆಗೆ, ಶೇಕಡಾ 3ರ ಬಡ್ಡಿಗೆ ಸಾಲ. ಮುಂದೆ ಆತ ಸಾರ್ವಜನಿಕ ಶಾಲೆಯಲ್ಲಿ ಪಾಠ ಹೇಳಿದರೆ ವರ್ಷಕ್ಕೆ ಶೇಕಡಾ 10ರಂತೆ, ಐದು ವರ್ಷಗಳಲ್ಲಿ ಅರ್ಧದಷ್ಟು ಮನ್ನಾ. ಉಳಿದರ್ಧವನ್ನು ಕೈಯಿಂದಲೇ ಕಟ್ಟಬೇಕು, ಧಾರಾಳವೆನ್ನುವಂತಿಲ್ಲ. ಆದರೆ ಎರಡೇ ವರ್ಷ ಕಲಿಸಿ ಬಿಟ್ಟವನಿಗೂ ಆ ಎರಡು ವರ್ಷಗಳ ಫಲ ದಕ್ಕುತ್ತಿತ್ತು.

2007ರ ಕಾಯಿದೆಯೊಂದರಿಂದ ಹುಟ್ಟಿದ ‘ಟೀಚ್’ ಅನುದಾನ ಇದನ್ನು ತಲೆಕೆಳಗು ಮಾಡಿತು. ವರ್ಷಕ್ಕೆ 4000 ಡಾಲರಿನವರೆಗೆ ದೊರೆಯುವ ಈ ಹಣ ಮೊದಲಿಗೆ ಕೊಡುಗೆ. ಪಡೆದವರು ಓದು ಮುಗಿದ ಎಂಟು ವರ್ಷಗಳೊಳಗೆ ನಾಲ್ಕು ವರ್ಷ, ಬಡ ಮಕ್ಕಳು ಹೆಚ್ಚಾಗಿರುವ ಶಾಲೆಯಲ್ಲಿ, ಗಣಿತ ವಿಜ್ಞಾನಗಳಂತಹ ಅಧ್ಯಾಪಕರ ಅಭಾವವಿರುವ ವಿಷಯವನ್ನು ಕಲಿಸಬೇಕು. ತಪ್ಪಿದರೆ ಕೊಡುಗೆಯೆಲ್ಲ ಸಾಲವಾಗುತ್ತದೆ. ಬಡ್ಡಿಯೋ ಹಣ ಕೈಸೇರಿದ ದಿನದಿಂದಲೇ!

ಸೇವೆ ಸಲ್ಲುತ್ತಿದೆಯೆಂದು ವರ್ಷ ವರ್ಷವೂ ಪ್ರಮಾಣಪತ್ರ ಕಳುಹಿಸಬೇಕಾಗಿತ್ತು. ಅದು ಒಂದೆರಡು ದಿನ ತಡವಾದರೂ, ಒಂದು ಸಹಿ ಬಿಟ್ಟುಹೋದರೂ, ತರಗತಿಯಲ್ಲಿ ನಿಂತು ಪಾಠ ಹೇಳುತ್ತಿದ್ದವರೇ ಸಾವಿರಾರು ಡಾಲರುಗಳ ಸಾಲಗಾರರಾದರು. 2014ರ ಜುಲೈಗೆ ಮುನ್ನ ಸೇವಾವಧಿ ಆರಂಭವಾದವರಲ್ಲಿ ಶೇಕಡಾ 63ರಷ್ಟು ಮಂದಿಯ ಅನುದಾನ ಸಾಲವಾಗಿತ್ತೆಂದು ಅಲ್ಲಿಯ ಶಿಕ್ಷಣ ಇಲಾಖೆಯೇ ಮಾಡಿಸಿದ ಅಧ್ಯಯನವೊಂದು 2018ರಲ್ಲಿ ತಿಳಿಸಿತು. ಇವರಲ್ಲಿ ಶಾಲೆಯ ಕಡೆ ಸುಳಿಯದವರೂ ಇದ್ದರು, ನಿಜ. ಆದರೆ ಕಲಿಸಿಯೂ ಕಾಗದದಲ್ಲಿ ಸೋತವರು ಸಾಕಷ್ಟು ಮಂದಿ. ಅದೇ ವರ್ಷ ಅಲ್ಲಿಯ ಸಾರ್ವಜನಿಕ ರೇಡಿಯೋ ಈ ಅಧ್ಯಾಪಕರ ಅಳಲನ್ನು ದೇಶಕ್ಕೆ ಕೇಳಿಸಿತು. ರೇಡಿಯೋದಲ್ಲಿ ಕುಳಿತು ಮಾತನಾಡುವ ನನಗೆ ಇದರಿಂದ ತುಸು ಹೆಮ್ಮೆಯಾದರೆ ನೀವು ಮನ್ನಿಸಬೇಕು. 2019ರಿಂದ ಅಂಥವರ ಅರ್ಜಿಗಳನ್ನು ಮರಳಿ ಪರಿಶೀಲಿಸತೊಡಗಿದರು. ಹಲವರ ಸಾಲ ಮತ್ತೆ ಕೊಡುಗೆಯಾಯಿತು. 2021ರ ಜುಲೈಯಿಂದ ಜಾರಿಗೆ ಬಂದ ನಿಯಮಗಳು ಪ್ರಮಾಣಪತ್ರದ ಈ ಕುಣಿಕೆಯನ್ನು ಬಹುಮಟ್ಟಿಗೆ ಸಡಿಲಿಸಿದವು.

ಆ ತಿದ್ದುಪಡಿಗಳು ಮುಟ್ಟದೆ ಬಿಟ್ಟದ್ದೂ ಒಂದುಂಟು. ನನ್ನ ಆಕ್ಷೇಪಣೆ ಇರುವುದು ಅಲ್ಲಿಯೇ. ಕಾಲೇಜಿಗೆ ಕಾಲಿಟ್ಟ ಹದಿನೆಂಟರ ಹುಡುಗಿ ತಾನು ಮೂವತ್ತಕ್ಕೆ ಎಲ್ಲಿರುವೆನೆಂದು ಹೇಗೆ ಬರೆದುಕೊಟ್ಟಾಳು? ಬಡಶಾಲೆಯೊಂದರಲ್ಲಿ ಮೂರು ವರ್ಷ ಬೀಜಗಣಿತ ಕಲಿಸಿ, ಬಳಿಕ ಬೇರೆ ಬಗೆಯ ಶಾಲೆಗೆ ಹೋಗಿ ಅಲ್ಲಿಯೇ ಉಳಿದವಳಿಗೆ ಆ ಮೂರು ವರ್ಷಗಳಿಂದ ಒಂದು ಡಾಲರೂ ಇಳಿಯುವುದಿಲ್ಲ. ಪಡೆದ ಅಷ್ಟನ್ನೂ ಬಡ್ಡಿಸಹಿತ ಹಿಂದಿರುಗಿಸಬೇಕು. 1958ರ ಲೆಕ್ಕದಲ್ಲಾದರೆ ಆಕೆಗೆ ಶೇಕಡಾ 30ರಷ್ಟು ಸಾಲ ತೀರಿರುತ್ತಿತ್ತು.